ಮಗಳನ್ನು ಗೈಡ್ಸ್ ಶಿಬಿರಕ್ಕೆ ಕಳುಹಿಸುವ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಒಬ್ಬ ತಂದೆ, ತೀರ್ಥಹಳ್ಳಿ)

ನನ್ನ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಈ ವರ್ಷ ಅವಳ ಶಾಲೆಯಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಗೈಡ್ ಕಂಪನಿ (ಹುಡುಗಿಯರ ತಂಡ) ಆರಂಭವಾಗಿದ್ದು, ಸೇರಿದ ದಿನದಿಂದ ಅವಳು ಮನೆಯಲ್ಲಿ ಸಿಕ್ಕ ಹಗ್ಗಕ್ಕೆಲ್ಲ ಗಂಟು ಹಾಕಿ ಬಿಚ್ಚುವುದರಲ್ಲೇ ಮುಳುಗಿದ್ದಾಳೆ. ಮುಂದಿನ ತಿಂಗಳು ಮೂರು ರಾತ್ರಿಗಳ ಶಿಬಿರವಿದೆ. ಡೇರೆಯಲ್ಲಿ ಮಲಗಬೇಕು, ಅಡುಗೆಯನ್ನು ತಾವೇ ಮಾಡಿಕೊಳ್ಳಬೇಕು ಎನ್ನುತ್ತಾಳೆ. ನನ್ನ ತಾಯಿಯವರಿಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಪತ್ನಿಗೆ ಕಳುಹಿಸುವ ಮನಸ್ಸಿದ್ದರೂ, ಮಗಳು ಈಚೆಗಷ್ಟೇ ದೊಡ್ಡವಳಾಗಿರುವುದರಿಂದ ಅಲ್ಲಿನ ವ್ಯವಸ್ಥೆಯ ಚಿಂತೆಯಿದೆ. ನನಗಿರುವ ಸಂದೇಹ ಬೇರೆ. ಸಮವಸ್ತ್ರ, ಪಥಸಂಚಲನ, ಪ್ರಮಾಣಪತ್ರಗಳ ಆಚೆಗೆ ಹೆಣ್ಣುಮಗುವಿಗೆ ಇದರಿಂದ ನಿಜವಾಗಿ ಏನು ದೊರೆಯುತ್ತದೆ? ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಉತ್ತರ 1 (ನಿವೃತ್ತ ಗೈಡ್ ಕ್ಯಾಪ್ಟನ್, ಅಂದರೆ ಗೈಡ್ ಕಂಪನಿಯನ್ನು ಮುನ್ನಡೆಸುತ್ತಿದ್ದವರು, ಮೈಸೂರು)

ತಮ್ಮ ತಾಯಿಯವರ ಆಕ್ಷೇಪ ಈ ಚಳವಳಿಯಷ್ಟೇ ಹಳೆಯದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಬಾಲಕರ ಸ್ಕೌಟ್ ಮೇಳ ನಡೆದಾಗ, ಕರೆಯದಿದ್ದರೂ ಬಂದ ಕೆಲವು ಹುಡುಗಿಯರು ತಾವೂ ಸ್ಕೌಟ್‌ಗಳೆಂದು ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ಲರ ಮುಂದೆ ನಿಂತರು. ಮರುವರ್ಷ ಗೈಡ್ಸ್ ಸಂಸ್ಥೆ ಹುಟ್ಟಿತು, 1911ರಲ್ಲಿ ಜಬಲ್ಪುರದಲ್ಲಿ ಭಾರತದ ಮೊದಲ ಗೈಡ್ ಕಂಪನಿ ಆರಂಭವಾಯಿತು. ಹುಡುಗಿಯರ ಮೇಲೆ ಇದನ್ನು ಯಾರೂ ಹೇರಲಿಲ್ಲ, ಅವರೇ ಕೇಳಿ ಪಡೆದರು ಎಂಬುದನ್ನು ತಾಯಿಯವರಿಗೆ ಹೇಳಿ ನೋಡಿರಿ.

ಏನು ದೊರೆಯುತ್ತದೆ ಎಂದು ಕೇಳಿದ್ದೀರಿ. ಕಂಪನಿಯನ್ನು ಆರರಿಂದ ಎಂಟು ಹುಡುಗಿಯರ ಪ್ಯಾಟ್ರೋಲ್‌ಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬಳು ನಾಯಕಿ. ಸೌದೆ, ನೀರು, ಅಡುಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಹೊಣೆ ಎಂಬುದನ್ನು ಅವಳೇ ಹಂಚಬೇಕು. ಒಮ್ಮೆ ನಮ್ಮ ಶಿಬಿರದಲ್ಲಿ ಎಂಟನೆಯ ತರಗತಿಯ ನಾಯಕಿಯೊಬ್ಬಳು, ನೆಲ ಸಮತಟ್ಟಾಗಿದೆಯೆಂದು ತಗ್ಗಿನಲ್ಲಿ ಡೇರೆ ಹಾಕಿಸಿದಳು. ನಾನು ನೋಡಿಯೂ ಸುಮ್ಮನಿದ್ದೆ. ನಡುರಾತ್ರಿ ಮಳೆ ಸುರಿದು ಹಾಸಿಗೆಗಳು ನೆನೆದವು; ಮಕ್ಕಳನ್ನು ಪಕ್ಕದ ಕಟ್ಟಡದೊಳಗೆ ಮಲಗಿಸಿದೆವು. ಬೆಳಿಗ್ಗೆ ಅವಳು ಯಾರನ್ನೂ ದೂರದೆ, ತನ್ನ ಏಳು ಜನರನ್ನೂ ಕೂರಿಸಿಕೊಂಡು ಎಲ್ಲಿ ತಪ್ಪಿತೆಂದು ಮಾತಾಡಿ, ಡೇರೆಯನ್ನು ದಿಬ್ಬಕ್ಕೆ ಸಾಗಿಸಿ ಸುತ್ತಲೂ ಸಣ್ಣ ಕಾಲುವೆ ತೋಡಿಸಿದಳು. ಹಿಂದಿನ ಸಂಜೆಯೇ ನಾನು ತಿದ್ದಿದ್ದರೆ ಅವಳಿಗೆ ಡೇರೆ ಹಾಕುವುದಷ್ಟೇ ತಿಳಿಯುತ್ತಿತ್ತು.

ಉತ್ತರ 2 (ಹಿಂದಿನ ಗೈಡ್, ಈಗ ನರ್ಸಿಂಗ್ ವೃತ್ತಿಯಲ್ಲಿರುವವರು, ಉಡುಪಿ)

ತಮ್ಮ ಪತ್ನಿಯವರ ಚಿಂತೆ ನನಗೆ ಅರ್ಥವಾಗುತ್ತದೆ, ಏಕೆಂದರೆ ನನ್ನ ಮೊದಲ ಶಿಬಿರದಲ್ಲೇ ನಾನು ಮುಟ್ಟಾಗಿದ್ದೆ. ಗೈಡ್ ಕ್ಯಾಪ್ಟನ್ ಮಹಿಳೆಯೇ ಆಗಿರುವುದರಿಂದ ಹೇಳಲು ಸಂಕೋಚವಾಗಲಿಲ್ಲ. ಆದರೂ ಹೊರಡುವ ಮುನ್ನ ಶೌಚಾಲಯ ಡೇರೆಯಿಂದ ಎಷ್ಟು ದೂರವಿದೆ, ರಾತ್ರಿ ಅಲ್ಲಿ ದೀಪವಿರುತ್ತದೆಯೇ, ಬಳಸಿದ ಪ್ಯಾಡ್‌ಗಳನ್ನು ಹಾಕಲು ಏನು ವ್ಯವಸ್ಥೆಯಿದೆ, ಎಷ್ಟು ಜನ ಶಿಕ್ಷಕಿಯರು ರಾತ್ರಿ ಅಲ್ಲೇ ತಂಗುತ್ತಾರೆ ಎಂಬುದನ್ನು ನೇರವಾಗಿ ಕೇಳಿರಿ. ಒಳ್ಳೆಯ ಕ್ಯಾಪ್ಟನ್ ಇದಕ್ಕೆ ಬೇಸರಪಡುವುದಿಲ್ಲ.

ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು, ಬಳಿಕ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ. ನಾನು ರಾಜ್ಯ ಪುರಸ್ಕಾರದವರೆಗೆ ಹೋದೆ. 2016ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಸಮೀಪ ಅಡಕನಹಳ್ಳಿಯಲ್ಲಿ ರಾಷ್ಟ್ರೀಯ ಜಾಂಬೂರಿ (ಸ್ಕೌಟ್ಸ್ ಮತ್ತು ಗೈಡ್ಸ್‌ಗಳ ದೊಡ್ಡ ಮೇಳ) ನಡೆದಾಗ, ನನ್ನ ಭಾಷೆಯೇ ಬಾರದ ಬೇರೆ ರಾಜ್ಯದ ಹುಡುಗಿಯರೊಡನೆ ಒಂದೇ ಒಲೆಯ ಮುಂದೆ ರೊಟ್ಟಿ ಸುಟ್ಟಿದ್ದೆ. ಇಂದು ವಾರ್ಡಿನಲ್ಲಿ ಗಾಯಾಳುವಿನ ಕೈಗೆ ತ್ರಿಕೋನ ಬ್ಯಾಂಡೇಜಿನ ಜೋಲಿ ಕಟ್ಟಿ ರೀಫ್ ಗಂಟು ಹಾಕುವಾಗ, ಅದನ್ನು ಮೊದಲು ಕಲಿಸಿದ ನನ್ನ ಪ್ಯಾಟ್ರೋಲ್ ಲೀಡರ್ ಅಕ್ಕ ನೆನಪಾಗುತ್ತಾರೆ.

ಉತ್ತರ 3 (ಇಬ್ಬರು ಹೆಣ್ಣುಮಕ್ಕಳ ತಾಯಿ, ತುಮಕೂರು)

ಮೇಲಿನ ಇಬ್ಬರ ಮಾತನ್ನು ಗೌರವಿಸುತ್ತೇನೆ, ಆದರೆ ಎಲ್ಲ ಕಡೆಯೂ ಹೀಗಿರುವುದಿಲ್ಲ. ನನ್ನ ಹಿರಿಯ ಮಗಳು ಓದಿದ ಶಾಲೆಯಲ್ಲಿ ಗೈಡ್ಸ್ ಎಂದರೆ ಸಮಾರಂಭಗಳಿಗೆ ಬಂದ ಅತಿಥಿಗಳಿಗೆ ಹೂಗುಚ್ಛ ಕೊಡುವುದು ಮತ್ತು ಬಿಸಿಲಿನಲ್ಲಿ ಸಾಲಾಗಿ ನಿಲ್ಲುವುದು. ಎರಡು ವರ್ಷಗಳಲ್ಲಿ ಒಂದೇ ಒಂದು ಹೈಕ್‌ಗೂ ಕರೆದೊಯ್ಯಲಿಲ್ಲ; ಗಂಡುಮಕ್ಕಳು ಮಾತ್ರ ಬೆಟ್ಟ ಹತ್ತಿ ಬಂದರು. ಅವಳಿಗಾದ ಬೇಸರ ನನಗೆ ಇನ್ನೂ ನೋವು ಕೊಡುತ್ತದೆ. ಆದ್ದರಿಂದ ಸೇರಿಸುವ ಮುನ್ನ ವರ್ಷದಲ್ಲಿ ಎಷ್ಟು ಹೈಕ್, ಎಷ್ಟು ರಾತ್ರಿ ಶಿಬಿರ ಎಂದು ಕೇಳಿರಿ. ತಮ್ಮ ಮಗಳ ಶಾಲೆಯವರು ಮೊದಲ ವರ್ಷದಲ್ಲೇ ಡೇರೆ ಹಾಕಿಸುತ್ತಿದ್ದಾರೆಂದರೆ ಅದು ಅವಳ ಭಾಗ್ಯ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಪತ್ನಿ ಉತ್ತರ 2ರಲ್ಲಿರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ಶನಿವಾರ ನಾವಿಬ್ಬರೂ ಶಿಬಿರದ ಜಾಗವನ್ನು ನೋಡಿ, ಕ್ಯಾಪ್ಟನ್ ಅವರೊಡನೆ ಮಾತಾಡಿ ಬರುತ್ತೇವೆ. ತಾವೂ ಬರುವುದಾಗಿ ತಾಯಿಯವರು ಇಂದು ಬೆಳಿಗ್ಗೆ ಹೇಳಿದರು.