ಪ್ಲಗ್-ಇನ್ ಹೈಬ್ರಿಡ್ ಓಡಿಸಿದವರು ಹೇಳಿ: ಚಾರ್ಜ್ ಮುಗಿದರೆ ಏನಾಗುತ್ತದೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ಹೈಬ್ರಿಡ್ ಕಾರೊಂದನ್ನು ನೋಡಿಟ್ಟಿದ್ದೇನೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಸಾಕೆಟ್‌ನಿಂದ ಚಾರ್ಜ್ ಮಾಡುವ ಬ್ಯಾಟರಿ, ವಿದ್ಯುತ್ ಮೋಟರ್ ಕೂಡ ಇರುವಂಥದ್ದು. ದಿನಕ್ಕೆ 35 ಕಿ.ಮೀ. ಓಡಾಟ. ಬ್ಯಾಟರಿ ಖಾಲಿಯಾದರೆ ದಾರಿಯಲ್ಲಿ ನಿಂತುಬಿಡುತ್ತದಾ?

ಉತ್ತರ: ನಿಲ್ಲುವುದಿಲ್ಲ, ಆ ಭಯ ಬಿಡಿ. ನನ್ನದರಲ್ಲಿ 12 ಕಿಲೋವ್ಯಾಟ್ ಅವರ್ ಬ್ಯಾಟರಿ ಇದೆ. ರಾತ್ರಿ ಮನೆಯ ಸಾಕೆಟ್‌ಗೆ ಸಿಕ್ಕಿಸಿದರೆ ಆರೇಳು ಗಂಟೆಯಲ್ಲಿ ಫುಲ್. 45-50 ಕಿ.ಮೀ. ಬರೀ ಮೋಟರ್ ಮೇಲೆ ಓಡುತ್ತದೆ. ಆಮೇಲೆ ಎಂಜಿನ್ ಸ್ಟಾರ್ಟ್ ಆಗಿ ಮಾಮೂಲಿ ಹೈಬ್ರಿಡ್ ಥರ, ಎಂಜಿನ್ ಮೋಟರ್ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ಒಂದು ವಿಷಯ ಗೊತ್ತಿರಲಿ, ಮೀಟರ್‌ನಲ್ಲಿ ಸೊನ್ನೆ ಬಂದರೂ ಬ್ಯಾಟರಿ ಪೂರ್ತಿ ಬರಿದಾಗಿರುವುದಿಲ್ಲ. ಸ್ವಲ್ಪ ಚಾರ್ಜ್ ಎತ್ತಿಟ್ಟುಕೊಂಡಿರುತ್ತದೆ. ಬ್ರೇಕ್ ಒತ್ತಿದಾಗ ಮೋಟರೇ ಜನರೇಟರ್ ಆಗಿ ಅದಕ್ಕೆ ತುಂಬುತ್ತದೆ, ಸಿಗ್ನಲ್ ಬಿಟ್ಟಾಗ ಅದರಲ್ಲೇ ಹೊರಡುತ್ತದೆ.

ಉತ್ತರ: ಚಾರ್ಜ್ ಇದ್ದರೂ ಎಂಜಿನ್ ಏಳುತ್ತದೆ, ಗಾಬರಿಯಾಗಬೇಡಿ. ಒಂದು ಚಳಿಯ ಬೆಳಿಗ್ಗೆ ಬ್ಯಾಟರಿ ತುಂಬಿತ್ತು. ಹೀಟರ್ ಹಾಕಿದ್ದೇ ತಡ, ಎಂಜಿನ್ ಗುರ್ ಎಂದಿತು. ಕೆಟ್ಟಿದೆ ಅಂದುಕೊಂಡು ಸುಮ್ನೆ ಸರ್ವಿಸ್‌ಗೆ ಓಡಿದೆ. ನನ್ನ ಮಾಡೆಲ್‌ನಲ್ಲಿ ಬಿಸಿ ಗಾಳಿ ಬರುವುದೇ ಎಂಜಿನ್ ಶಾಖದಿಂದ! ಹೀಟ್ ಪಂಪ್ (ಎಸಿಯನ್ನು ಉಲ್ಟಾ ಓಡಿಸಿದ ಹಾಗೆ, ಕರೆಂಟಿನಿಂದಲೇ ಬಿಸಿ ಗಾಳಿ ಕೊಡುವ ವ್ಯವಸ್ಥೆ) ಇರುವ ಕಾರಲ್ಲಿ ಈ ಗೋಳು ಕಡಿಮೆ. ಆಕ್ಸಿಲರೇಟರ್ ಜೋರಾಗಿ ತುಳಿದರೂ ಅಷ್ಟೇ, ಎಷ್ಟೋ ಮಾಡೆಲ್‌ಗಳಲ್ಲಿ ಎಂಜಿನ್ ಕೈ ಜೋಡಿಸುತ್ತದೆ.

ಉತ್ತರ: ಪೆಟ್ರೋಲ್ ಹಾಕಿಸುವಾಗ ನಾನು ಪೆಚ್ಚಾಗಿದ್ದೆ. ಮುಚ್ಚಳ ಎಳೆದೆ, ಬರಲಿಲ್ಲ. ಹಿಂದೆ ಕ್ಯೂ ಬೇರೆ. ಎಂಜಿನ್ ಅಪರೂಪಕ್ಕೆ ಓಡುವುದರಿಂದ ಆವಿ ಹೊರಹೋಗದಂತೆ ಟ್ಯಾಂಕ್ ಬಿಗಿಯಾಗಿ ಮುಚ್ಚಿರುತ್ತದಂತೆ. ಒಳಗೆ ಬಟನ್ ಒತ್ತಿ, ಒತ್ತಡ ಇಳಿಯುವವರೆಗೆ ಕಾಯಬೇಕು.

ಉತ್ತರ: ನನ್ನ ಕಥೆ ಉಲ್ಟಾ. ಪಾರ್ಕಿಂಗ್‌ನಲ್ಲಿ ಸಾಕೆಟ್ ಇಲ್ಲ, ಚಾರ್ಜ್ ಮಾಡಿದ್ದೇ ಕಡಿಮೆ. ನೂರು ಕಿಲೋಗೂ ಜಾಸ್ತಿ ತೂಕದ ಬ್ಯಾಟರಿಯನ್ನು ಪೆಟ್ರೋಲ್ ಸುಟ್ಟು ಹೊತ್ತು ತಿರುಗಿದ್ದೇನೆ. ಎಂಜಿನ್‌ನಿಂದಲೇ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡ್ ಇದೆ, ಅದನ್ನೂ ಹಾಕಿ ನೋಡಿದ್ದಾಯಿತು. ಪೆಟ್ರೋಲ್ ಇನ್ನೂ ಬೇಗ ಇಳಿಯಿತು. ನಿಮ್ಮ 35 ಕಿ.ಮೀ.ಗೆ ಈ ಕಾರು ಹೇಳಿ ಮಾಡಿಸಿದ ಹಾಗಿದೆ. ಆದರೆ ಕಾರು ನಿಲ್ಲಿಸುವ ಜಾಗದಲ್ಲಿ ಸಾಕೆಟ್ ಇದೆ ಅಲ್ವಾ?

ಕೇಳಿದವರು: ಇದೆ, ಆದರೆ ಕಂಬದ ಆ ಕಡೆ. ಎಕ್ಸ್‌ಟೆನ್ಶನ್ ಬೋರ್ಡ್ ಹಾಕಬಹುದಾ?

ಉತ್ತರ: ಬೇಡವೇ ಬೇಡ. ಅಷ್ಟು ಹೊತ್ತು ಕರೆಂಟ್ ಎಳೆದರೆ ಬೋರ್ಡ್ ಕಾದು ಕರಗೀತು. ಎಲೆಕ್ಟ್ರಿಷಿಯನ್ ಕರೆಸಿ, ಈ ಕಡೆಗೇ ಅರ್ಥಿಂಗ್ ಇರುವ ಬೇರೆ ಲೈನ್ ಎಳೆಸಿ.