ಅಜ್ಜಿಯ ಕೈಗೆ ಸಿಕ್ಕ ಮೊಲದ ಮರಿ

ಹೋದ ವಾರ ಇಲ್ಲಿ ಒಬ್ಬ ತಾಯಿ ಕೇಳಿದ್ದರು. ಮಗಳಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ಮಾತ್ರ ಡಚ್ಚಿನಲ್ಲೇ ಕೊಡುತ್ತಾಳೆ, ಊರಿಗೆ ಹೋದರೆ ಅಜ್ಜಿ ಹತ್ತಿರ ಹೇಗೆ ಮಾತಾಡುತ್ತಾಳೋ ಅಂತ. ನಮ್ಮ ಮನೆಯಲ್ಲೂ ಹಾಗೇ ಇತ್ತು. ನಮಗೆ ದಾರಿ ತೋರಿಸಿದ್ದು ಮಿಫಿ, ಮಕ್ಕಳ ಚಿತ್ರಪುಸ್ತಕದ ಒಂದು ಮೊಲದ ಮರಿ.

ನಾವಿರುವುದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ, ಮಿಫಿಯ ಕಥೆ ಬರೆದು ಚಿತ್ರ ಬಿಡಿಸಿದ ಡಿಕ್ ಬ್ರೂನಾ ಅವರ ಊರು. ಇಲ್ಲಿನವರು ಮಿಫಿಯನ್ನು ನೈಂಚೆ ಅಂತಾರೆ. ಕೊನೈಂಚೆ ಅಂದರೆ ಮೊಲದ ಮರಿ, ಅದನ್ನೇ ಮಕ್ಕಳ ಬಾಯಿಗೆ ತುಂಡು ಮಾಡಿದ್ದು. ರಜೆಯಲ್ಲಿ ಸಮುದ್ರದ ದಡದಲ್ಲಿ ಕಂಡ ಮೊಲದ ಬಗ್ಗೆ ಬ್ರೂನಾ ತಮ್ಮ ಪುಟ್ಟ ಮಗನಿಗೆ ಕಥೆ ಹೇಳುತ್ತಿದ್ದರು. ಅದು 1955ರಲ್ಲಿ ಪುಸ್ತಕವಾಯಿತು. ಈಗ ನಾವು ನೋಡುವ ಚೌಕದ ಪುಸ್ತಕ 1963ರಲ್ಲಿ ಅವರು ಮತ್ತೆ ಬಿಡಿಸಿದ್ದು. ಒಂದು ಪುಟಕ್ಕೆ ಚಿತ್ರ, ಎದುರು ಪುಟಕ್ಕೆ ನಾಲ್ಕೇ ಸಾಲು. 12 ಚಿತ್ರಕ್ಕೆ ಕಥೆ ಮುಗಿಯುತ್ತದೆ. ದಪ್ಪ ಕಪ್ಪು ಗೆರೆ, ಎಣಿಸಿದಷ್ಟೇ ಬಣ್ಣ. ಮುಖಕ್ಕೆ ಎರಡು ಚುಕ್ಕೆ, ಬಾಯಿಗೆ ಒಂದು ಗುಣಾಕಾರದ ಗುರುತು.

ದಾವಣಗೆರೆಗೆ ಹೊರಟಾಗ ಮಗಳು ಇಂಥ ಐದಾರು ಪುಸ್ತಕ ಬ್ಯಾಗಿಗೆ ತುರುಕಿದಳು. ಊರಿಗೆ ಹೋಗಿ ಡಚ್ ಪುಸ್ತಕ ಯಾಕೆ ಅಂತ ನಾನು ಬೈದೆ. ಬೈಯಬಾರದಿತ್ತು.

ಅವ್ವ ಕಟ್ಟೆ ಮೇಲೆ ಮೊರ ಇಟ್ಟುಕೊಂಡು ಮಂಡಕ್ಕಿ ಹಸನು ಮಾಡುತ್ತಿದ್ದಳು. ಮಗಳು ಹೋಗಿ ಪುಸ್ತಕ ಬಿಚ್ಚಿ ತೊಡೆ ಮೇಲಿಟ್ಟಳು. ಅವ್ವ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದ್ರ ಬಾಯಿಗೆ ಯಾಕವ್ವ ಹೊಲಿಗಿ ಹಾಕ್ಯಾರ?" ಅಂದಳು.

"ಹೊಲಿಗಿ ಅಂದ್ರೆ?"

ಅವ್ವ ಸೆರಗಿನ ಅಂಚು ಮಗುಚಿ ದಾರ ತೋರಿಸಿದಳು. ಮಗಳು ಬೆರಳಿಟ್ಟು ಒಂದೊಂದೇ ಹೊಲಿಗೆ ಮುಟ್ಟಿದಳು. ಆ ಪದ ಅವಳಿಗೆ ಇವತ್ತಿಗೂ ಮರೆತಿಲ್ಲ.

ಅವ್ವನಿಗೆ ಡಚ್ ಬರಲ್ಲ, ಹಾಗಾಗಿ ಕಥೆಯನ್ನು ತಾನೇ ಕಟ್ಟಿದಳು. ಮೊಲ ಕುಂದವಾಡ ಕೆರೆಗೆ ಹೋಯಿತು, ಗಾಜಿನ ಮನೆ ನೋಡಿತು, ಮಿರ್ಚಿ ತಿಂದು ಖಾರಕ್ಕೆ ಕಣ್ಣೀರು ಹಾಕಿತು. ಮರುದಿನ ಕಥೆ ಸ್ವಲ್ಪ ಬದಲಾಯಿತು ನೋಡಿ, ಮಗಳು ಬಿಡಲಿಲ್ಲ. "ಹಂಗಲ್ಲ ಅಜ್ಜಿ, ನಿನ್ನೆ ಮೊದ್ಲು ಕೆರಿಗೆ ಹೋಗಿತ್ತು!" ಅಜ್ಜಿ ಜೊತೆ ಜಗಳ ಆಡಬೇಕು ಅಂದರೆ ಕನ್ನಡದಲ್ಲೇ ಆಡಬೇಕು, ಅಲ್ವಾ? ಚಿತ್ರದಲ್ಲಿ ಎಲ್ಲವನ್ನೂ ತುಂಬಿಬಿಟ್ಟಿದ್ದರೆ ಅವ್ವನಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಪುಸ್ತಕದ ಬಗ್ಗೆ ಹೇಳಲೇಬೇಕು. 1996ರದ್ದು, ಮಿಫಿಯ ಅಜ್ಜಿ ತೀರಿಕೊಂಡ ಕಥೆ. ಚಿಕ್ಕ ಮಕ್ಕಳಿಗೆ ಬರೆದದ್ದೇ, ಆದರೂ ಏನನ್ನೂ ಮುಚ್ಚಿಡುವುದಿಲ್ಲ. ನಮ್ಮಪ್ಪ ಹೋಗಿ ಆಗ ವರ್ಷವೂ ಆಗಿರಲಿಲ್ಲ. ಅಪ್ಪ ಹೋದಾಗ ಮಗಳು ಊರಿಗೆ ಬಂದಿರಲಿಲ್ಲ, ಅಜ್ಜ ಎಲ್ಲಿ ಅಂತ ಅವಳಿಗೆ ಸರಿಯಾಗಿ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಆ ಪುಸ್ತಕ ಅವ್ವನ ಕಣ್ಣಿಗೆ ಬೀಳದಿರಲಿ ಅಂತ ಎತ್ತಿಟ್ಟಿದ್ದೆ. ಮಗಳೇ ಹುಡುಕಿ ತಂದಳು. ಅವ್ವ ಸಮಾಧಿಯ ಚಿತ್ರ ಬಂದಾಗ ನಿಂತಳು. ನಮ್ಮಲ್ಲೂ ಮಣ್ಣು ಮಾಡುವುದೇ. ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. "ನಿಮ್ಮಜ್ಜನೂ ಹಿಂಗೇ ಮಲಗ್ಯಾನ, ನಮ್ಮ ಹೊಲದಾಗ" ಅಂದಳು.

ಮರುದಿನ ಮೂವರೂ ಹೊಲಕ್ಕೆ ಹೋದೆವು. ಮೆಕ್ಕೆಜೋಳ ಮೊಣಕಾಲಿನಷ್ಟು ಬಂದಿತ್ತು. ಅವ್ವ ವಿಭೂತಿ, ಪತ್ರೆ ಇಟ್ಟಳು. ಮಗಳು ಪುಸ್ತಕದ ಮೊಲದ ಹಾಗೆ ಹೂವಿಟ್ಟು, ಬಗ್ಗಿ, ಅಜ್ಜನ ಹತ್ತಿರ ಏನೋ ಹೇಳಿದಳು. ಮೆಲ್ಲಗೆ ಹೇಳಿದಳು, ನನಗೆ ಪೂರ್ತಿ ಕೇಳಿಸಲಿಲ್ಲ. ಕನ್ನಡದಲ್ಲೇ ಹೇಳಿದಳು.

ಮೇಡಂ, ಹೊಸದು ಕೊಳ್ಳಬೇಕಾಗಿಲ್ಲ. ಏಪ್ರಿಲ್ 27ಕ್ಕೆ, ಇಲ್ಲಿನ ರಾಜನ ಹುಟ್ಟುಹಬ್ಬಕ್ಕೆ ನಡೆಯುವ ರಾಜನ ದಿನದ ಸಂತೆಯಲ್ಲಿ ಮಕ್ಕಳು ತಮ್ಮ ಹಳೇ ಪುಸ್ತಕಗಳನ್ನು ರಸ್ತೆಯಲ್ಲೇ ಹಾಸಿಕೊಂಡು ಮಾರುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಊರಿಗೆ ಹೋದಮೇಲೆ ಪುಸ್ತಕ ಅಜ್ಜಿಯ ಕೈಗೆ ಕೊಟ್ಟು ನೀವು ಒಳಗೆ ಹೋಗಿಬಿಡಿ, ಪಕ್ಕದಲ್ಲಿ ಕೂತು ಅರ್ಥ ಹೇಳಬೇಡಿ.