ಅಮ್ಮನನ್ನು ಉಳಿಸಲು ಓಸಿ ಆಡುತ್ತಿರುವ ತಮ್ಮನಿಗೆ ಹೇಗೆ ತಿಳಿಸಿ ಹೇಳಲಿ?

ಬೆಳಗಾವಿಯ ಅಕ್ಕ:

ನನ್ನ ತಮ್ಮನಿಗೆ 24 ವರ್ಷ. ಅವನಿಗೆ ಆಟಿಸಂ ಇದೆಯೆಂದು ಆರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಮಾತು ಕಡಿಮೆ, ಆದರೆ ಓದು ಬರಹ ಚೆನ್ನಾಗಿ ಬರುತ್ತದೆ, ಅಂಕಿಗಳೆಂದರೆ ಪ್ರಾಣ. ಬಸ್ಸುಗಳ ವೇಳಾಪಟ್ಟಿ, ಹತ್ತು ವರ್ಷ ಹಿಂದಿನ ತಾರೀಖು ಯಾವ ವಾರ ಬಿದ್ದಿತ್ತೆಂಬುದು ಎಲ್ಲವೂ ಬಾಯಿಪಾಠ. ತಂದೆ ತೀರಿಕೊಂಡ ಮೇಲೆ ಅವನೂ ಅಮ್ಮನೂ ಊರಿನ ಮನೆಯಲ್ಲಿದ್ದಾರೆ. ಕಳೆದ ವರ್ಷ ಅಮ್ಮನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಬಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತದೆ. ಬಿಪಿಎಲ್ ಕಾರ್ಡು ಇರುವುದರಿಂದ ಅದಕ್ಕೆ ಹಣ ಕೊಡಬೇಕಾಗಿಲ್ಲ. ಇಂಜೆಕ್ಷನ್, ಮಾತ್ರೆ, ಆಟೋ ಬಾಡಿಗೆಯ ಖರ್ಚನ್ನು ನಾನು ಕಳಿಸುತ್ತೇನೆ.

ಹದಿನೈದು ದಿನಗಳ ಹಿಂದೆ ಊರಿಗೆ ಹೋದಾಗ ತಮ್ಮನ ಹಾಸಿಗೆಯ ಕೆಳಗೆ ಮೂರು ನೋಟ್‌ಬುಕ್ಕುಗಳು ಸಿಕ್ಕವು. ಎಂಟು ತಿಂಗಳ ಓಸಿಯ, ಅಂದರೆ ಮಟ್ಕಾ ಎಂಬ ಅಂಕಿ ಜೂಜಿನ, ಓಪನ್, ಕ್ಲೋಸ್ ಅಂಕಿಗಳನ್ನು, ಎರಡೂ ಸೇರಿದ ಜೋಡಿಗಳನ್ನು ಸ್ಕೇಲು ಹಿಡಿದು ಮನೆ ಹಾಕಿ, ಒಂದು ದಿನವೂ ತಪ್ಪದಂತೆ ಬರೆದಿದ್ದಾನೆ. ಚೀಟಿ ಬರೆಯುವವನೊಬ್ಬನ ಬಳಿ ದಿನವೂ ಆಡುತ್ತಾನಂತೆ. ಅವನ ಮಾಸಾಶನವೆಲ್ಲ ಹೋಗಿದೆ, ಅಮ್ಮನ ಎರಡು ಬಳೆಗಳು ಅಡವಿನಲ್ಲಿವೆ. ಕೇಳಿದರೆ ಯಾವ ಅಳುಕೂ ಇಲ್ಲದೆ, “ನಾಲ್ಕು ಲಕ್ಷ ಆದ ದಿನ ನಿಲ್ಲಿಸುತ್ತೇನೆ” ಎಂದ. ನಾಲ್ಕು ಲಕ್ಷದ ಲೆಕ್ಕ ಎಲ್ಲಿಂದ ಬಂತೆಂದು ನನಗೆ ತಿಳಿಯಲು ಎರಡು ದಿನ ಹಿಡಿಯಿತು. ಅಮ್ಮನನ್ನು ಮೊದಲ ಸಲ ದಾಖಲಿಸಿದ ದಿನ ನಮ್ಮ ಸೋದರಮಾವ ವರಾಂಡದಲ್ಲಿ ನಿಂತು, “ಕೈಯಲ್ಲಿ ನಾಲ್ಕು ಲಕ್ಷ ಇದ್ದಿದ್ದರೆ ಅಕ್ಕ ಉಳಿಯುತ್ತಿದ್ದಳು” ಎಂದು ಅತ್ತಿದ್ದರು. ತಮ್ಮ ಅಲ್ಲೇ ಇದ್ದ.

ಬೈದದ್ದಾಯಿತು. ನೋಟ್‌ಬುಕ್ಕುಗಳನ್ನು ಬಚ್ಚಿಟ್ಟಾಗ ಎರಡು ದಿನ ಊಟ ಬಿಟ್ಟ. ಅವನಿಗೆ ಅರ್ಥವಾಗುವ ಹಾಗೆ ಹೇಳುವ ಬಗೆ ಯಾವುದು?

ನಿವೃತ್ತ ಮೇಷ್ಟ್ರು:

ತಂಗಿ, ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ನಿಮ್ಮ ತಮ್ಮನಿಗೆ ನೀತಿ ಹೇಳಬೇಡಿ, ಲೆಕ್ಕ ಹೇಳಿ. ಸಿಂಗಲ್ ಆಟದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿವೆ, ಗೆದ್ದರೆ ಸಾಮಾನ್ಯವಾಗಿ ರೂಪಾಯಿಗೆ ಒಂಬತ್ತು ರೂಪಾಯಿ ಸಿಗುತ್ತದೆ. ಹತ್ತೂ ಅಂಕಿಗಳ ಮೇಲೆ ಹತ್ತು ಹತ್ತು ರೂಪಾಯಿ ಇಟ್ಟರೆ 100 ಕೊಟ್ಟು 90 ಪಡೆದಂತಾಯಿತು. ಜೋಡಿಯಲ್ಲಿಯೂ ನೂರಕ್ಕೆ ತೊಂಬತ್ತು, ಅಂದರೆ ಅದೇ ಕಡಿತ. ಯಾವ ಅಂಕಿಯನ್ನು ಆರಿಸಿದರೂ ಈ ಹತ್ತು ರೂಪಾಯಿ ಬುಕ್ಕಿಯ ಕಡೆಗೇ ಉಳಿಯುತ್ತದೆ. ನಾಲ್ಕು ಲಕ್ಷ ಕೂಡಿಸಲು ಹೊರಟವನು ಆಡಿದಷ್ಟೂ ಆ ಮೊತ್ತದಿಂದ ದೂರವಾಗುತ್ತಾನೆ.

ಅವನ ಪುಸ್ತಕದಲ್ಲಿ “ಏಳು ಬಂದು ಇಪ್ಪತ್ತು ಆಟವಾಯಿತು, ಇನ್ನು ಬರಲೇಬೇಕು” ಎಂಬಂಥ ಗುರುತುಗಳು ಇದ್ದೇ ಇರುತ್ತವೆ. ಒಂದು ಅಂಕಿ ಸತತ ಇಪ್ಪತ್ತು ಆಟಗಳಲ್ಲಿ ಬಾರದಿರುವ ಸಾಧ್ಯತೆ ಶೇಕಡಾ 12. ಅಂಕಿಗಳು ಹತ್ತಿರುವುದರಿಂದ, ಯಾವ ದಿನ ನೋಡಿದರೂ ಸರಾಸರಿ ಒಂದಾದರೂ ಅಂಕಿ ಹೀಗೆ ಕಾಣೆಯಾಗಿರುತ್ತದೆ. ಅದು ಸುಳಿವಲ್ಲ, ಇಪ್ಪತ್ತೊಂದನೆಯ ಆಟದಲ್ಲಿ ಏಳಕ್ಕಿರುವುದು ಮತ್ತೆ ಹತ್ತರಲ್ಲಿ ಒಂದೇ ಪಾಲು. ಮಟ್ಕಾ ಎಂದರೆ ಮಡಕೆ ತಾನೆ, ಮೊದಲು ಅದರಿಂದಲೇ ಚೀಟಿ ಎತ್ತುತ್ತಿದ್ದರು. ನೀವೂ ಒಂದು ಚೆಂಬಿನಲ್ಲಿ ಹತ್ತು ಚೀಟಿ ಹಾಕಿ, ಅವನ ಕೈಯಿಂದಲೇ 200 ಸಲ ಎತ್ತಿಸಿ, ಪ್ರತಿ ಸಲವೂ ಚೀಟಿಯನ್ನು ಮರಳಿ ಹಾಕಿಸಿ ಬರೆಸಿರಿ. ಅವನು ಕಂಡ ‘ವಿನ್ಯಾಸ’ಗಳೆಲ್ಲ ಚೆಂಬಿನಲ್ಲಿಯೂ ಕಾಣಿಸುತ್ತವೆ.

ಒಬ್ಬ ತಾಯಿ, ಮೈಸೂರು:

ಮೇಷ್ಟ್ರ ಲೆಕ್ಕ ಸರಿಯಿದೆ, ಆದರೆ ಚೆಂಬಿನ ಪ್ರಯೋಗದ ಬಗ್ಗೆ ನನಗೆ ಭಯವಿದೆ. ನನ್ನ ಮಗನಿಗೂ ಆಟಿಸಂ ಇದೆ, ಈಗ 27 ವರ್ಷ. ಅವನಾಗಿದ್ದರೆ 200ಕ್ಕೆ ನಿಲ್ಲದೆ ಎರಡು ಸಾವಿರ ಸಲ ಎತ್ತುತ್ತಿದ್ದ, ಅದೇ ಹೊಸ ಗೀಳಾಗುತ್ತಿತ್ತು.

ಇಲ್ಲಿ ಬಿಡಿಸಬೇಕಾದ ಗಂಟು ನಿಮ್ಮ ಮಾವನವರ ಮಾತು ಎಂದು ನನಗನ್ನಿಸುತ್ತದೆ. ನಾವು ಸಂಕಟದಲ್ಲಿ ಆಡುವ ಮಾತಿನಲ್ಲಿ ಅರ್ಧ ನಿಟ್ಟುಸಿರು ಇರುತ್ತದೆ. ನಮ್ಮ ಮಕ್ಕಳಿಗೆ ಆ ನಿಟ್ಟುಸಿರು ಕೇಳಿಸುವುದಿಲ್ಲ, ಮಾತಷ್ಟೇ ಕೇಳಿಸುತ್ತದೆ. ನಾಲ್ಕು ಲಕ್ಷ ಬಂದರೆ ಅಮ್ಮ ಉಳಿಯುತ್ತಾಳೆ, ಬಾರದಿದ್ದರೆ ಇಲ್ಲ ಎಂದು ಎಂಟು ತಿಂಗಳಿನಿಂದ ನಂಬಿ ಕುಳಿತ ಹುಡುಗನನ್ನು ‘ಜೂಜುಕೋರ’ ಎಂದು ಬೈದರೆ ಅವನಿಗೆ ಏನು ತಿಳಿಯಬೇಕು? ಒಂದು ಹಾಳೆಯಲ್ಲಿ ನಿಜವಾದ ಲೆಕ್ಕ ಬರೆದು ತೋರಿಸಿ: ಡಯಾಲಿಸಿಸ್‌ಗೆ ನಾವು ಕೊಡುವುದು ಸೊನ್ನೆ, ಔಷಧಿಗೆ ಇಷ್ಟು, ಆಟೋಗೆ ಇಷ್ಟು, ಅಕ್ಕ ಕಳಿಸುವುದು ಇಷ್ಟು. ಅದನ್ನು ಗೋಡೆಗೆ ಅಂಟಿಸಿ. ಆದರೆ ಅಮ್ಮನಿಗೆ ಪೂರ್ತಿ ಗುಣವಾಗುತ್ತದೆ ಎಂಬ ಸುಳ್ಳನ್ನು ಮಾತ್ರ ಸೇರಿಸಬೇಡಿ.

ಇನ್ನೊಂದು ವಿಷಯ. ನೋಟ್‌ಬುಕ್ಕನ್ನು ಕಸಿದುಕೊಂಡ ಮೇಲೆ ಕೈಗೆ ಬೇರೆ ನೋಟ್‌ಬುಕ್ ಕೊಡಬೇಕಲ್ಲವೇ? ಡಯಾಲಿಸಿಸ್ ಮಾಡಿಸಿಕೊಳ್ಳುವವರು ದಿನಕ್ಕೆ ಎಷ್ಟು ನೀರು, ಚಹಾ, ಮಜ್ಜಿಗೆ ಕುಡಿಯಬಹುದೆಂದು ವೈದ್ಯರು ಮಿತಿ ಹಾಕಿರುತ್ತಾರೆ. ಎರಡು ಡಯಾಲಿಸಿಸ್‌ಗಳ ನಡುವೆ ಎಷ್ಟು ತೂಕ ಏರಿತೆಂಬುದನ್ನು ಪ್ರತಿ ಸಲವೂ ನೋಡುತ್ತಾರೆ. ನನ್ನ ಅತ್ತೆಯವರು ಮೂರು ವರ್ಷ ಡಯಾಲಿಸಿಸ್‌ನಲ್ಲಿದ್ದಾಗ ಅಳತೆಯ ಲೋಟ, ತೂಕದ ಯಂತ್ರ, ರಕ್ತದೊತ್ತಡದ ಪಟ್ಟಿ ಮೂರೂ ನನ್ನ ಮಗನ ವಶದಲ್ಲಿದ್ದವು. ಎಳನೀರು, ಬಾಳೆಹಣ್ಣಿನಂತಹ ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥಗಳ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಾಗಿ ನಾನೂ ಇರಲಿಲ್ಲ. (ಅತ್ತೆಯವರು ಕದ್ದು ಚಹಾ ಕುಡಿಯುತ್ತಿದ್ದುದನ್ನು ಹಿಡಿದವನೂ ಅವನೇ.)

ಔಷಧಿ ಅಂಗಡಿ:

ತಮ್ಮನವರು ಸಿಟ್ಟು, ಚಡಪಡಿಕೆಗೆಂದು ಅರಿಪಿಪ್ರಜೋಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ನೋಡಿರಿ. ಆಟಿಸಂ ಇರುವವರಿಗೆ ಅದನ್ನು ಬರೆಯುವುದುಂಟು. ಅದರಿಂದ ಕೆಲವರಲ್ಲಿ ತಡೆಯಲಾಗದ ಜೂಜಿನ ಸೆಳೆತ ಹುಟ್ಟಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿರಿ. ಮನೋವೈದ್ಯರು ಹತ್ತಿರದಲ್ಲಿ ಇಲ್ಲವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಧಾರವಾಡದ ವಕೀಲ:

ಸಹೋದರಿ, ಚೀಟಿ ಬರೆಯುವವನ ಮೇಲೆ ದಾಳಿಯಾದರೆ ಅಲ್ಲಿ ನಿಂತಿರುವ ನಿಮ್ಮ ತಮ್ಮನೂ ಪ್ರಕರಣದಲ್ಲಿ ಸೇರಬಹುದು. ಓಸಿ ಮಟ್ಕಾಕ್ಕೆ ಪೊಲೀಸರು ಹಾಕುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 78(3). ಆದ್ದರಿಂದ ಅವನ ಅಂಗವೈಕಲ್ಯದ ಗುರುತಿನ ಚೀಟಿಯ ಪ್ರತಿಯೊಂದು ಸದಾ ಅವನ ಜೇಬಿನಲ್ಲಿರಲಿ. ಮೊಬೈಲ್ ಆ್ಯಪ್‌ಗಳನ್ನೂ ಪರಿಶೀಲಿಸಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಆಡಿದವರನ್ನು ಶಿಕ್ಷಿಸುವುದು ಅದರ ಉದ್ದೇಶವಲ್ಲ.

ಆಸ್ತಿ, ಬ್ಯಾಂಕಿನ ವಿಷಯಕ್ಕೆ ಆಟಿಸಂ ಮುಂತಾದವು ಇರುವವರಿಗಾಗಿ ಮಾಡಿದ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕ ಮಾಡಿಸಬಹುದು. ಆದರೆ ಇಷ್ಟು ಲೆಕ್ಕ ಬಲ್ಲ ಹುಡುಗನ ಕೈಯಿಂದ ಹಣದ ಅಧಿಕಾರವನ್ನೆಲ್ಲ ಒಮ್ಮೆಗೇ ಕಿತ್ತುಕೊಳ್ಳುವುದು ನನ್ನ ಮಟ್ಟಿಗೆ ಕೊನೆಯ ದಾರಿ. ಸದ್ಯಕ್ಕೆ ಬಳೆಗಳನ್ನು ಬಿಡಿಸಿಕೊಳ್ಳಿ.

ಬೆಳಗಾವಿಯ ಅಕ್ಕ:

ಎಲ್ಲರಿಗೂ ನಮಸ್ಕಾರ. ಆ ಮಾತ್ರೆ ಅವನಿಗಿಲ್ಲ, ಫೋನಿನಲ್ಲಿ ಆ್ಯಪ್ ಕೂಡ ಇಲ್ಲ. ನಿನ್ನೆ ಮೈಸೂರಿನ ತಾಯಿಯವರು ಹೇಳಿದಂತೆ ಹಾಳೆ ಬರೆದು ತೋರಿಸಿದೆ. ಮೂರು ಸಲ ಕೂಡಿಸಿ ನೋಡಿದ. ಮೇಷ್ಟ್ರ 100ಕ್ಕೆ 90ರ ಲೆಕ್ಕವನ್ನೂ ಒಪ್ಪಿಕೊಂಡ, ಅವನಿಗೆ ಅದು ಮೊದಲೇ ಗೊತ್ತಿತ್ತಂತೆ. “ಬೇರೆ ಯಾವ ಕೆಲಸದಲ್ಲಿ ನಾಲ್ಕು ಲಕ್ಷ ಬರುತ್ತದೆ ಎಂದು ಯಾರೂ ಹೇಳಲಿಲ್ಲ” ಎಂದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾವ ಹೇಳಿದ್ದು ಸುಳ್ಳೇ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಮಾವನಿಗೆ ಫೋನ್ ಮಾಡಿದ್ದೇನೆ, ಭಾನುವಾರ ತಾವೇ ಬಂದು ಹೇಳುತ್ತಾರಂತೆ. ಅಲ್ಲಿಯವರೆಗೆ ಅಳತೆಯ ಲೋಟ ತಮ್ಮನ ಬಳಿ ಇದೆ. ಇವತ್ತು ಬೆಳಗಿನಿಂದ ಅಮ್ಮ ಕುಡಿದಿರುವುದು 350 ಮಿಲಿಲೀಟರ್.